ಹೀತ್‌ಕ್ಲಿಫ್‌ನ ಪಹಣಿ

ಪೌತಿ ಖಾತೆಗೆ ಅರ್ಜಿ ಹಿಡಿದು ನಾಡಕಚೇರಿಗೆ ಹೋದವರಿಗೆ ಗೊತ್ತು, ಮೊದಲು ಕೇಳುವುದೇ ವಂಶವೃಕ್ಷ. ಯಾರು ಯಾರ ಮಗ, ಯಾರು ಮೊದಲು ತೀರಿಕೊಂಡರು, ಮದುವೆಯಾಗಿ ಹೋದ ಹೆಣ್ಣುಮಕ್ಕಳೆಷ್ಟು, ಮೈನರ್ ಯಾರಾದರೂ ಇದ್ದಾರಾ. ಎಮಿಲಿ ಬ್ರಾಂಟೆಯ ‘ವದರಿಂಗ್ ಹೈಟ್ಸ್’ ಓದಲು ಇದಕ್ಕಿಂತ ಒಳ್ಳೆಯ ತಯಾರಿ ಬೇರೆ ಇಲ್ಲ. ಅರ್ನ್‌ಷಾ ಮನೆಯವರು ಸಾಕಿಕೊಂಡ ಅನಾಥ ಹೀತ್‌ಕ್ಲಿಫ್, ಆ ಮನೆಯ ಮಗಳು ಕ್ಯಾಥಿ ಲಿಂಟನ್ ಮನೆತನದ ಎಡ್ಗರ್‌ನನ್ನು ಮದುವೆಯಾದ ಮೇಲೆ, ಎರಡೂ ಮನೆಗಳ ಮೇಲೆ ಸೇಡು ತೀರಿಸಿಕೊಳ್ಳುವ ಕಥೆ ಅದು. ತುಮಕೂರಿನ ಕಾಲೇಜುಗಳಲ್ಲಿ ಇಂಗ್ಲಿಷ್ ಸಾಹಿತ್ಯ ತೆಗೆದುಕೊಂಡ ಮಕ್ಕಳು ಗೈಡ್ ನೋಡಿ “ಅಮರ ಪ್ರೇಮ, ಸೇಡಿನ ಜ್ವಾಲೆ” ಎಂದು ಬರೆದು ಪಾಸಾಗುತ್ತಾರೆ. ಜ್ವಾಲೆಯೇನೋ ಇದೆ. ಅದಕ್ಕೆ ಸೌದೆ ಯಾವುದು ಎಂದು ನೋಡಿದರೆ ಅಡಮಾನ ಪತ್ರ, ಮದುವೆ, ವಿಲ್ಲು. ಮೂರೇ.

ವದರಿಂಗ್ ಎಂದರೆ ಯಾರ್ಕ್‌ಷೈರಿನ ಆಡುಮಾತಿನಲ್ಲಿ ಗಾಳಿ ಭೋರಿಡುವುದು. ಆಷಾಢದಲ್ಲಿ ಶಿರಾ, ಪಾವಗಡದ ಬಯಲಿನಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲ ಅಧ್ಯಾಯದಲ್ಲೇ ಮನೆಯ ಬದಿಯ ಮರಗಳು ಗಾಳಿಗೆ ಒಂದೇ ಕಡೆ ವಾಲಿಕೊಂಡಿರುವುದನ್ನು ಲೇಖಕಿ ತೋರಿಸುತ್ತಾಳೆ. ಆ ವಾಲಿದ ಮರ ನೆನಪಿರಲಿ, ಹದಿನೇಳನೇ ಅಧ್ಯಾಯದಲ್ಲಿ ಬೇಕಾಗುತ್ತದೆ.

ಕಾದಂಬರಿ ಅಚ್ಚಾದದ್ದು 1847ರ ಡಿಸೆಂಬರ್‌ನಲ್ಲಿ, ಎಲಿಸ್ ಬೆಲ್ ಎಂಬ ಹೆಸರಿನಲ್ಲಿ. ಮಾರನೇ ವರ್ಷದ ಡಿಸೆಂಬರ್‌ನಲ್ಲಿ ಎಮಿಲಿ ತೀರಿಕೊಂಡಳು, ವಯಸ್ಸು 30. ಅವಳು ಬರೆದು ಪ್ರಕಟಿಸಿದ ಕಾದಂಬರಿ ಇದೊಂದೇ. ಒಟ್ಟು 34 ಅಧ್ಯಾಯ. ನಾಯಕಿ ಸಾಯುವುದು 16ರಲ್ಲಿ. ಪ್ರೇಮಕಥೆ ಎಂದು ಕೈಗೆತ್ತಿಕೊಂಡವರು ಅಲ್ಲಿಗೆ ಪುಸ್ತಕ ಮಡಚಿಡುತ್ತಾರೆ. 1939ರ ಹಾಲಿವುಡ್ ಸಿನಿಮಾ ಕೂಡ ಎರಡನೇ ತಲೆಮಾರನ್ನು ಪೂರ್ತಿ ಕೈಬಿಟ್ಟಿತು. ಸೇಡು ಫಲ ಕೊಡುವುದೇ ಎರಡನೇ ತಲೆಮಾರಿನಲ್ಲಿ. ಅರ್ಧಕ್ಕೆ ನಿಲ್ಲಿಸಿದರೆ ಕ್ರಯಪತ್ರದ ಮೊದಲ ಪುಟ ಓದಿ ರುಜು ಹಾಕಿದ ಹಾಗೆ.

ಓದುವ ಕ್ರಮ ಹೀಗಿಟ್ಟುಕೊಳ್ಳಿ. ನೋಟ್‌ಬುಕ್ಕಿನಲ್ಲಿ ಎದುರುಬದುರು ಎರಡು ಪುಟ ಸಾಕು. ಎಡಕ್ಕೆ ವಂಶವೃಕ್ಷ, ಬಲಕ್ಕೆ ಪಹಣಿ. ದಿನಕ್ಕೆ ಎರಡು ಅಧ್ಯಾಯದಂತೆ ಹೋದರೆ ಹದಿನೇಳು ದಿನಕ್ಕೆ ಮುಗಿಯುತ್ತದೆ. ಮೊದಲ ಮೂರು ಅಧ್ಯಾಯಗಳಲ್ಲಿ ಪೆನ್ನು ಮುಟ್ಟಬೇಡಿ. ಬಾಡಿಗೆಗೆ ಬಂದ ಲಾಕ್‌ವುಡ್ ಅಲ್ಲಿ ಕಂಡದ್ದನ್ನೆಲ್ಲ ತಪ್ಪು ತಿಳಿಯುತ್ತಾನೆ. ಮನೆಯ ಹುಡುಗಿಯನ್ನು ಮೊದಲು ಹೀತ್‌ಕ್ಲಿಫ್‌ನ ಹೆಂಡತಿ ಎಂದುಕೊಳ್ಳುತ್ತಾನೆ, ಆಮೇಲೆ ಅಲ್ಲೇ ಇರುವ ಹೇರ್ಟನ್ ಎಂಬ ಯುವಕನ ಹೆಂಡತಿ ಎಂದುಕೊಳ್ಳುತ್ತಾನೆ, ಸತ್ತ ಮೊಲಗಳ ರಾಶಿಯನ್ನು ನೋಡಿ ಅವಳ ಮುದ್ದಿನ ಬೆಕ್ಕುಗಳೇನೋ ಎನ್ನುತ್ತಾನೆ. ಅವನ ಮಾತು ನಂಬಿ ವಂಶವೃಕ್ಷ ಬರೆದರೆ ಅಷ್ಟೂ ಹೊಡೆದುಹಾಕಿ ಮತ್ತೆ ಬರೆಯಬೇಕು. ನಾಲ್ಕನೇ ಅಧ್ಯಾಯದಲ್ಲಿ ಮನೆಗೆಲಸದ ನೆಲ್ಲಿ ಡೀನ್ ಕಥೆ ಶುರು ಮಾಡುತ್ತಾಳೆ. ಅಲ್ಲಿಂದ ಬರೆಯಿರಿ.

ಹೆಸರುಗಳ ಗೋಜಲಿಗೆ ಹೆದರುವವರು ಬಹಳ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ನಾಡಿನವರು ನಾವು, ಹೆದರಬಾರದು. ತಾಯಿ, ಮಗಳು ಇಬ್ಬರೂ ಕ್ಯಾಥರಿನ್. ದೊಡ್ಡ ಕ್ಯಾಥಿ, ಚಿಕ್ಕ ಕ್ಯಾಥಿ ಎಂದು ಬರೆದುಕೊಳ್ಳಿ. ಲಿಂಟನ್ ಎಂಬುದು ಒಂದು ಮನೆತನದ ಹೆಸರು, ಹೀತ್‌ಕ್ಲಿಫ್‌ನ ಮಗನಿಗೆ ಇಟ್ಟ ಹೆಸರೂ ಅದೇ. ಹೀತ್‌ಕ್ಲಿಫ್‌ಗೆ ಮಾತ್ರ ಹೆಸರು, ಮನೆತನ ಎರಡೂ ಒಂದೇ ಪದ. ಅದೂ ಆ ಮನೆಯಲ್ಲಿ ಹಿಂದೆ ಸತ್ತ ಕೂಸಿನದು. ಮೂರನೇ ಅಧ್ಯಾಯದಲ್ಲಿ ಕಿಟಕಿಯ ಹಲಗೆಯ ಮೇಲೆ ಮೂರು ಹೆಸರು ಕೆತ್ತಿರುತ್ತದೆ: ಕ್ಯಾಥರಿನ್ ಅರ್ನ್‌ಷಾ, ಕ್ಯಾಥರಿನ್ ಹೀತ್‌ಕ್ಲಿಫ್, ಕ್ಯಾಥರಿನ್ ಲಿಂಟನ್. ದೊಡ್ಡ ಕ್ಯಾಥಿ ಅರ್ನ್‌ಷಾ ಆಗಿ ಹುಟ್ಟಿ ಲಿಂಟನ್ ಆಗಿ ಸತ್ತಳು. ಚಿಕ್ಕ ಕ್ಯಾಥಿ ಲಿಂಟನ್ ಆಗಿ ಹುಟ್ಟಿ, ಹೀತ್‌ಕ್ಲಿಫ್ ಆಗಿ, ಕೊನೆಗೆ ಅರ್ನ್‌ಷಾ ಆಗಲು ಹೊರಟಿದ್ದಾಳೆ. ಹಲಗೆಯನ್ನು ಬಲದಿಂದ ಎಡಕ್ಕೆ ಓದಿದರೆ ಮಗಳ ಕಥೆ.

ಇಸವಿಗಳಿಗೆ ಕಾದಂಬರಿ ಜಿಪುಣತನ ಮಾಡುತ್ತದೆ. 1801 ಎಂದು ಶುರುವಾಗುತ್ತದೆ, 32ನೇ ಅಧ್ಯಾಯ 1802 ಎಂದು ಶುರುವಾಗುತ್ತದೆ, ನಡುವೆ 1778 ಒಂದು ಬರುತ್ತದೆ. ಉಳಿದದ್ದನ್ನು “ಮೂರು ವರ್ಷವಾದ ಮೇಲೆ”, “ಕ್ಯಾಥಿಗೆ ಆಗ ಹದಿನಾರು” ಎಂಬ ಮಾತುಗಳಿಂದ ಲೆಕ್ಕ ಹಾಕಬೇಕು. 1926ರಲ್ಲಿ ಸಿ.ಪಿ. ಸ್ಯಾಂಗರ್ ಎಂಬ ವಕೀಲರು ಕೂತು ಹಾಕಿದರು. ತಿಂಗಳ ಸಮೇತ ಲೆಕ್ಕ ಕೂಡಿಬಂತು, ಜಮೀನಿನ ಕಾನೂನೂ ಹೆಚ್ಚುಕಡಿಮೆ ಸರಿಯಾಗಿತ್ತು. ಪಾದ್ರಿಯ ಮಗಳೊಬ್ಬಳು ಇಷ್ಟು ಕಾನೂನು ಎಲ್ಲಿ ಕಲಿತಳೆಂಬುದು ಇಂದಿಗೂ ಸೋಜಿಗ.

ಈಗ ಬಲಗಡೆ ಪುಟ. ಸರ್ವೆ ನಂಬರ್ ಎರಡು. ಒಂದು ವದರಿಂಗ್ ಹೈಟ್ಸ್, ಅರ್ನ್‌ಷಾಗಳದು. ಬಾಗಿಲ ಮೇಲೆ 1500 ಎಂದು ಕೆತ್ತಿದ, ತಾವೇ ನಿಂತು ಬೇಸಾಯ ಮಾಡಿಸುವ ಹಳೇ ಒಕ್ಕಲು ಮನೆತನ. ಇನ್ನೊಂದು ಥ್ರಷ್‌ಕ್ರಾಸ್ ಗ್ರೇಂಜ್, ಲಿಂಟನ್‌ಗಳದು. ಗೇಣಿಯಲ್ಲಿ ಬದುಕುವ ಜಮೀನ್ದಾರರು, ಯಜಮಾನ ಮ್ಯಾಜಿಸ್ಟ್ರೇಟ್. ನಡುವೆ ನಾಲ್ಕು ಮೈಲಿ. ಇಬ್ಬರ ಅಂತರ ಗೊತ್ತಾಗಬೇಕಾದರೆ ಆರನೇ ಅಧ್ಯಾಯ ನೋಡಿ: ರಾತ್ರಿ ಲಿಂಟನ್ ಮನೆಯ ಕಿಟಕಿ ಹತ್ತಿರ ಮಕ್ಕಳಾದ ದೊಡ್ಡ ಕ್ಯಾಥಿ, ಹೀತ್‌ಕ್ಲಿಫ್ ಸಿಕ್ಕಿಬಿದ್ದಾಗ ಮುದುಕ ಲಿಂಟನ್ ಆಡುವ ಮಾತು, ನಿನ್ನೆ ಗೇಣಿ ವಸೂಲಿಯ ದಿನ ಎಂದು ಕಳ್ಳರಿಗೆ ಗೊತ್ತಿತ್ತು. ಹುಡುಗಿ ಅರ್ನ್‌ಷಾ ಮನೆಯವಳೆಂದು ತಿಳಿದ ಕೂಡಲೇ ಅವಳನ್ನು ಒಳಗೆ ಸೋಫಾ ಮೇಲೆ ಮಲಗಿಸುತ್ತಾರೆ, ಐದು ವಾರ ಇಟ್ಟುಕೊಳ್ಳುತ್ತಾರೆ. ಜೊತೆಗಿದ್ದ ಹೀತ್‌ಕ್ಲಿಫ್‌ನನ್ನು ನೋಡಿ “ಯಾವನೋ ಲಸ್ಕರ್ ಇರಬೇಕು” ಎಂದು ಆಚೆಗೆ ದಬ್ಬುತ್ತಾರೆ. ಲಸ್ಕರ್ ಎಂದರೆ ಇಂಗ್ಲಿಷರ ಹಡಗಿನಲ್ಲಿ ದುಡಿಯುತ್ತಿದ್ದ ನಮ್ಮ ಕಡೆಯ ಖಲಾಸಿಗಳು. ಲಿವರ್‌ಪೂಲ್ ಬಂದರಿನ ಬೀದಿಯಲ್ಲಿ ಸಿಕ್ಕಿದ ಕಪ್ಪು ಹುಡುಗ ಎಲ್ಲಿಯವನೆಂದು ಲೇಖಕಿ ಎಲ್ಲೂ ಹೇಳುವುದಿಲ್ಲ. ನಿನ್ನ ತಾಯಿ ಇಂಡಿಯಾದ ರಾಣಿಯೇ ಇರಬಹುದು ಎಂದು ನೆಲ್ಲಿ ಒಮ್ಮೆ ಸಮಾಧಾನ ಹೇಳುತ್ತಾಳೆ, ಅಷ್ಟೇ.

ಇಲ್ಲಿ ಒಂದು ಎಚ್ಚರ. ಕ್ಲಾಸ್ ಎಂದರೆ ನಮ್ಮ ಜಾತಿ ಎಂದು ಹಾಗೇ ಮಗುಚಿ ಹಾಕುವವರಿದ್ದಾರೆ, ಅದು ಲೆಕ್ಕ ತಪ್ಪಿಸುತ್ತದೆ. ಮೂರು ವರ್ಷ ಊರು ಬಿಟ್ಟು ಹೋದ ಹೀತ್‌ಕ್ಲಿಫ್ ದುಡ್ಡು, ಬಟ್ಟೆ, ಮಾತಿನ ಗತ್ತು ಹೊತ್ತು ಬಂದರೆ ನೆಲ್ಲಿಗೆ ಗುರುತೇ ಹತ್ತುವುದಿಲ್ಲ. ಲಿಂಟನ್ ಮನೆಯ ದಿವಾನಖಾನೆಯಲ್ಲಿ ಕುರ್ಚಿ ಸಿಗುತ್ತದೆ. ಮೂರು ವರ್ಷದ ದುಡ್ಡು ಜಾತಿಯನ್ನು ದಾಟಿಸುವುದಿಲ್ಲ. ಆದರೆ ಎಡ್ಗರ್ ಅವನನ್ನು ಅಡುಗೆಮನೆಯಲ್ಲಿ ಕೂರಿಸಿದರೆ ಸಾಲದೇ ಎಂದು ಕೇಳುತ್ತಾನಲ್ಲ, ಆ ಪ್ರಶ್ನೆ ನಮಗೆ ಚೆನ್ನಾಗಿ ಪರಿಚಯ.

ಒಂಬತ್ತನೇ ಅಧ್ಯಾಯವನ್ನು ಎರಡು ಸಲ ಓದಿ. ಈಗಿನ ಹೀತ್‌ಕ್ಲಿಫ್‌ನನ್ನು ಮದುವೆಯಾದರೆ ನನ್ನ ಮಟ್ಟ ಇಳಿಯುತ್ತದೆ ಎಂದು ಕ್ಯಾಥಿ ಹೇಳುತ್ತಾಳೆ. ಬೆಂಚಿನ ಮರೆಯಲ್ಲಿದ್ದವನು ಅಷ್ಟು ಕೇಳಿ ಎದ್ದು ಹೋಗುತ್ತಾನೆ. ನಾನೇ ಹೀತ್‌ಕ್ಲಿಫ್ ಎಂಬ ಮಾತು ಅದಾದ ಮೇಲೆ ಬರುವುದು, ಅವನ ಕಿವಿಗೆ ಬೀಳುವುದೇ ಇಲ್ಲ. ಈ ಎರಡು ಮಾತನ್ನು ಎಲ್ಲರೂ ಉದ್ಧರಿಸುತ್ತಾರೆ. ನಡುವೆ ಬರುವ ಮೂರನೆಯದನ್ನು ಬಿಡುತ್ತಾರೆ: ಲಿಂಟನ್‌ನನ್ನು ಮದುವೆಯಾದರೆ ಹೀತ್‌ಕ್ಲಿಫ್‌ನನ್ನು ಮೇಲೆತ್ತಬಹುದು, ಅಣ್ಣನ ಕೈಯಿಂದ ಬಿಡಿಸಬಹುದು. ಗಂಡನ ದುಡ್ಡಿನಲ್ಲಾ ತಾಯಿ ಎಂದು ನೆಲ್ಲಿ ಕೇಳುತ್ತಾಳೆ. ಪ್ರೇಮದ ಹುಚ್ಚು ಹೊಳೆಯಲ್ಲೂ ಕ್ಯಾಥಿ ಬಜೆಟ್ ಹಾಕುತ್ತಿದ್ದಾಳೆ. ಅವಳು ಮಾಡುವ ತಪ್ಪು ಎಂದರೆ, ಆ ಕಾಲದ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿನ ಕೈಯಲ್ಲಿ ದುಡ್ಡೇ ಇರುತ್ತಿರಲಿಲ್ಲ. ತವರಿನಿಂದ ತಂದ ನಗನಾಣ್ಯ, ಚರಾಸ್ತಿ ತಾಳಿಯ ಗಳಿಗೆಯಲ್ಲೇ ಗಂಡನದಾಗುತ್ತಿತ್ತು. ನಮ್ಮಲ್ಲಿ ಸ್ತ್ರೀಧನ ಎಂಬ ಮಾತಾದರೂ ಇತ್ತು. ಅವರಿಗೆ 1870 ಮತ್ತು 1882ರ ಕಾಯ್ದೆಗಳು ಬರುವವರೆಗೂ ಕಾಯಬೇಕಾಯಿತು. ಕಾದಂಬರಿಯ ಅರ್ಧ ಸೇಡು ನಿಂತಿರುವುದೇ ಈ ನಿಯಮದ ಮೇಲೆ.

ಮೊದಲ ಸರ್ವೆ ನಂಬರ್ ಹೀತ್‌ಕ್ಲಿಫ್ ಕೈಗೆ ಬಂದದ್ದು ಹೇಗೆ? ದೊಡ್ಡ ಕ್ಯಾಥಿಯ ಅಣ್ಣ ಹಿಂಡ್ಲಿ ಹೆಂಡತಿ ಸತ್ತ ಮೇಲೆ ಕುಡಿತ, ಇಸ್ಪೀಟಿಗೆ ಬಿದ್ದಿದ್ದಾನೆ. ಹೀತ್‌ಕ್ಲಿಫ್ ಬಂದವನೇ ಅದೇ ಮನೆಯಲ್ಲಿ ಧಾರಾಳ ಬಾಡಿಗೆ ಕೊಟ್ಟು ಇಳಿದುಕೊಳ್ಳುತ್ತಾನೆ. ರಾತ್ರಿಯೆಲ್ಲ ಆಟ, ಸೋತ ದುಡ್ಡಿಗೆ ಜಮೀನಿನ ಮೇಲೆ ಸಾಲ, ಸಾಲ ಕೊಡುವವನೂ ಅವನೇ. ನಮ್ಮ ಪಹಣಿಯ ಲೆಕ್ಕದಲ್ಲಿ ಹೇಳುವುದಾದರೆ ಒಂಬತ್ತನೇ ಕಾಲಂನಲ್ಲಿ ಹಿಂಡ್ಲಿಯ ಹೆಸರು ಹಾಗೇ ಇದೆ, ಹನ್ನೊಂದನೇ ಕಾಲಂ ಋಣದಿಂದ ತುಂಬಿಹೋಗಿದೆ. ತಂಗಿ ಸತ್ತ ಆರು ತಿಂಗಳಿಗೆ ಹಿಂಡ್ಲಿಯೂ ಸಾಯುತ್ತಾನೆ, ವಯಸ್ಸು 27. ಒಂದು ಗಜ ಜಮೀನೂ ಬಿಡದೆ ಅಡವಿಟ್ಟಿದ್ದಾನೆಂದು ಆಗ ತಿಳಿಯುತ್ತದೆ. ಸಾಲ ತೀರಿಸಿದರೆ ಜಮೀನು ಬಿಡಿಸಿಕೊಳ್ಳುವ ಹಕ್ಕು ಇಂಗ್ಲಿಷ್ ಕಾನೂನಿನಲ್ಲೂ ವಾರಸುದಾರನಿಗೆ ಇತ್ತು. ವಾರಸುದಾರ, ಹಿಂಡ್ಲಿಯ ಮಗ ಹೇರ್ಟನ್‌ಗೆ ಆಗ ಆರು ವರ್ಷ. ಹಕ್ಕಿದೆ, ಹಣವಿಲ್ಲ, ಕೇಳುವ ದೊಡ್ಡವರಿಲ್ಲ. ಅಡಮಾನ ಮುಳುಗುವುದು ಎಲ್ಲ ಊರಲ್ಲೂ ಹೀಗೇ.

ಹುಡುಗನನ್ನು ಹೀತ್‌ಕ್ಲಿಫ್ ಹೊರದಬ್ಬುವುದಿಲ್ಲ. ಎತ್ತಿ ಮೇಜಿನ ಮೇಲೆ ಕೂರಿಸಿಕೊಂಡು, ಈಗ ನೀನು ನನ್ನವನು, ಒಂದೇ ಗಾಳಿ ತಿರುಚಿದರೆ ಒಂದು ಮರ ಇನ್ನೊಂದರಷ್ಟೇ ಸೊಟ್ಟಗೆ ಬೆಳೆಯುತ್ತದೋ ಇಲ್ಲವೋ ನೋಡೋಣ ಎನ್ನುತ್ತಾನೆ. ವಾಲಿದ ಮರ ನೆನಪಿಟ್ಟುಕೊಳ್ಳಿ ಎಂದದ್ದು ಇದಕ್ಕೆ. ಹಿಂಡ್ಲಿ ಹಿಂದೆ ಹೀತ್‌ಕ್ಲಿಫ್‌ಗೆ ಪಾಠ ತಪ್ಪಿಸಿ, ಆಳುಗಳ ಜೊತೆ ಸೇರಿಸಿ, ಹೊಲಕ್ಕೆ ಅಟ್ಟಿದ್ದನಲ್ಲ, ಅದನ್ನೇ ಅಕ್ಷರ ಬಿಡದೆ ಅವನ ಮಗನಿಗೆ ಮಾಡುತ್ತಾನೆ. ನೆಲ್ಲಿಯ ಮಾತು ಖಾರವಾಗಿದೆ: ಆ ಸೀಮೆಗೇ ಮೊದಲ ದೊಡ್ಡಮನುಷ್ಯನಾಗಬೇಕಿದ್ದವನು ತನ್ನ ಮನೆಯಲ್ಲೇ ಆಳು, ಅದೂ ಕೂಲಿಯಿಲ್ಲದ ಆಳು. ಈ ಲೆಕ್ಕದಲ್ಲಿ ಒಂದು ಬಾಕಿ ಮಾತ್ರ ಹೀತ್‌ಕ್ಲಿಫ್ ಅಂದಾಜಿಗೆ ಸಿಗಲಿಲ್ಲ. ತಾನು ಹಿಂಡ್ಲಿಯನ್ನು ದ್ವೇಷಿಸಿದ ಹಾಗೆ ಹೇರ್ಟನ್ ತನ್ನನ್ನು ದ್ವೇಷಿಸಬೇಕಿತ್ತು. ಹುಡುಗ ಅವನನ್ನು ಅಪ್ಪನಂತೆ ಹಚ್ಚಿಕೊಂಡ.

ಎರಡನೇ ಸರ್ವೆ ನಂಬರ್ ಇನ್ನೂ ಜಟಿಲ. ಎಡ್ಗರ್‌ನ ತಂಗಿ ಇಸಬೆಲ್ಲಾ ನಿನ್ನ ಮೇಲೆ ಮನಸ್ಸಿಟ್ಟಿದ್ದಾಳೆ ಎಂದು ಕ್ಯಾಥಿ ತಮಾಷೆಗೆ ಹೇಳಿದಾಗ, ಆ ಮೇಣದಂಥ ಮುಖವನ್ನು ಹಳಿದು, ಒಂದು ಕ್ಷಣ ಬಿಟ್ಟು ಹೀತ್‌ಕ್ಲಿಫ್ ಕೇಳುತ್ತಾನೆ: ಅವಳ ಅಣ್ಣನಿಗೆ ಅವಳೇ ವಾರಸುದಾರಳು, ಅಲ್ಲವೇ? ಹತ್ತನೇ ಅಧ್ಯಾಯ. ಈ ಒಂದು ಸಾಲು ಸಿಕ್ಕರೆ ಮುಂದಿನ ಇಪ್ಪತ್ತನಾಲ್ಕು ಅಧ್ಯಾಯದ ಬೀಗ ತೆರೆದ ಹಾಗೆ. ಮುದುಕ ಲಿಂಟನ್ ಬರೆದಿಟ್ಟ ಕ್ರಮ ಹೀಗಿತ್ತು: ಜಮೀನು ಎಡ್ಗರ್‌ಗೆ, ಆಮೇಲೆ ಅವನ ಗಂಡುಮಕ್ಕಳಿಗೆ, ಗಂಡಿಲ್ಲದಿದ್ದರೆ ಇಸಬೆಲ್ಲಾಗೆ, ಅವಳ ಗಂಡುಮಕ್ಕಳಿಗೆ. ಎಡ್ಗರ್‌ನ ಮಗಳ ಸರದಿ ಅದಾದ ಮೇಲೆ. ಮಗನ ಮಗಳಿಗಿಂತ ಸ್ವಂತ ಮಗಳು ಹೆಚ್ಚಾದಳಲ್ಲ ಎಂದು ನೆಲ್ಲಿ ಸತ್ತ ಯಜಮಾನನಿಗೆ ಮನಸ್ಸಿನಲ್ಲೇ ಶಾಪ ಹಾಕುತ್ತಾಳೆ. ಎಡ್ಗರ್‌ಗೆ ಹುಟ್ಟಿದ್ದು ಹೆಣ್ಣು, ಚಿಕ್ಕ ಕ್ಯಾಥಿ. ಹೀತ್‌ಕ್ಲಿಫ್‌ನನ್ನು ಮದುವೆಯಾದ ಇಸಬೆಲ್ಲಾಗೆ ಹುಟ್ಟಿದ್ದು ಗಂಡು, ರೋಗಿಷ್ಠ ಲಿಂಟನ್.

ಇಲ್ಲಿ ಸಾವಿನ ಕ್ರಮ ಮುಖ್ಯ, ಪೌತಿ ಖಾತೆಯ ಹಾಗೇ. ಎಡ್ಗರ್‌ಗಿಂತ ಮೊದಲು ಹುಡುಗ ಸತ್ತರೆ ಜಮೀನು ಚಿಕ್ಕ ಕ್ಯಾಥಿಗೆ ಹೋಗುತ್ತದೆ, ಹೀತ್‌ಕ್ಲಿಫ್‌ಗೆ ಬಿಡಿಗಾಸಿಲ್ಲ. ಹುಡುಗನಿಗೋ ಕ್ಷಯ. ಆದ್ದರಿಂದ ಅವನಿಗೂ ಕ್ಯಾಥಿಗೂ ಮದುವೆ ಆಗಲೇಬೇಕು. ಯಾಕೆ ಎಂದು ನೆಲ್ಲಿ ಕೇಳಿದರೆ ಹೀತ್‌ಕ್ಲಿಫ್‌ನ ಉತ್ತರ ತಾಲ್ಲೂಕು ಕಚೇರಿಯ ಕಟ್ಟೆಯ ಮೇಲೆ ಕೇಳಬಹುದಾದದ್ದು: ಆಸ್ತಿ ಹೇಗೂ ನನಗೇ ಬರುತ್ತದೆ, ಮುಂದೆ ತಕರಾರು ಬೇಡವೆಂದು ಮದುವೆ. 27ನೇ ಅಧ್ಯಾಯದಲ್ಲಿ ಹುಡುಗಿಯನ್ನು ಮನೆಯಲ್ಲಿ ಕೂಡಿಹಾಕಿ ಮದುವೆ ಮಾಡಿಸುತ್ತಾನೆ. ನೆಲ್ಲಿಗೆ ಐದು ರಾತ್ರಿ, ನಾಲ್ಕು ಹಗಲು ಬೇರೆ ಕೋಣೆಯಲ್ಲಿ ಬೀಗ.

ಎಡ್ಗರ್ ಮಗಳಿಗಾಗಿ ವರ್ಷವರ್ಷ ಉಳಿಸಿಟ್ಟ ಹಣ ಬೇರೆ ಇತ್ತು. ಅದನ್ನು ಟ್ರಸ್ಟಿಗಳ ಹೆಸರಿಗೆ ಮಾಡಿದರೆ ಗಂಡನ ಕೈಗೆ ಹೋಗುವುದಿಲ್ಲ, ಕ್ಯಾಥಿ ಬದುಕಿರುವಷ್ಟು ಕಾಲ ಅವಳಿಗೆ, ಆಮೇಲೆ ಅವಳ ಮಕ್ಕಳಿಗೆ. ಸರಿಯಾದ ಉಪಾಯ. ಸಾಯುವ ಮುನ್ನ ವಕೀಲ ಗ್ರೀನ್‌ನನ್ನು ಕರೆಸುತ್ತಾನೆ. ಗ್ರೀನ್ ಬರುವುದು ಎಡ್ಗರ್ ಸತ್ತ ಮೇಲೆ. ಹೀತ್‌ಕ್ಲಿಫ್ ಅವನನ್ನು ಕೊಂಡಿದ್ದಾನೆ. ಒಂದು ರುಜು ತಡವಾದದ್ದಕ್ಕೆ ಹಣವೆಲ್ಲ ಅಳಿಯನಿಗೆ ಹೋಯಿತು, ಅಳಿಯ ಬೆದರಿಕೆಗೋ ಪೂಸಿಗೋ ಬಗ್ಗಿ ಚರಾಸ್ತಿಯನ್ನೆಲ್ಲ ಅಪ್ಪನಿಗೆ ವಿಲ್ ಬರೆದು ಒಂದೇ ತಿಂಗಳಲ್ಲಿ ಸತ್ತ. ಜಮೀನನ್ನು ವಿಲ್ ಮಾಡಲು ಆಗಲಿಲ್ಲ, ಮೈನರ್. ಜಮೀನಿನ ಮೇಲೆ ಹೀತ್‌ಕ್ಲಿಫ್‌ನ ಹಕ್ಕು ಕೋರ್ಟಿನಲ್ಲಿ ನಿಲ್ಲುವುದು ಕಷ್ಟವಿತ್ತೆಂದು ಸ್ಯಾಂಗರ್ ತೋರಿಸಿದ್ದಾರೆ. ಆದರೆ ಕೋರ್ಟಿಗೆ ಹೋಗುವವರು ಯಾರು? ದುಡ್ಡಿಲ್ಲ, ನೆಂಟರಿಲ್ಲ, ಸ್ವಾಧೀನ ತಪ್ಪಿಸುವ ಶಕ್ತಿ ಹುಡುಗಿಗಿಲ್ಲ ಎನ್ನುತ್ತಾಳೆ ನೆಲ್ಲಿ. ಕಾಗದ ಯಾರದಾದರೂ ಆಗಲಿ, ಉಳುಮೆ ನನ್ನದು ಎನ್ನುವವರ ದಾರಿ.

ಇದೇ ಕನ್ನಡಕ ಹಾಕಿಕೊಂಡು ಬೇರೆ ಕಾದಂಬರಿಗಳನ್ನೂ ನೋಡಬಹುದು. ಜೇನ್ ಆಸ್ಟಿನ್‌ಳ ‘ಪ್ರೈಡ್ ಅಂಡ್ ಪ್ರೆಜುಡೀಸ್’ (1813) ನಗುನಗುತ್ತಲೇ ಸಾಗುತ್ತದೆ, ಒಳಗೆ ಒಬ್ಬ ಸೇಡಿನವನಿದ್ದಾನೆ. ವಿಕಮ್ ಕಥಾನಾಯಕ ಡಾರ್ಸಿಯ ಮನೆಯ ಪಾರುಪತ್ಯಗಾರನ ಮಗ, ಯಜಮಾನನ ಮಗನ ಜೊತೆಯಲ್ಲೇ ಬೆಳೆದವನು. ಬರಬೇಕಿದ್ದ ಪಾದ್ರಿ ಹುದ್ದೆಯ ಬದಲು 3,000 ಪೌಂಡ್ ಎಣಿಸಿಕೊಂಡು, ಖರ್ಚಾದ ಮೇಲೆ ಮತ್ತೆ ಹುದ್ದೆ ಕೇಳುತ್ತಾನೆ. ಇಲ್ಲವೆಂದಾಗ ಡಾರ್ಸಿಯ ಹದಿನೈದು ವರ್ಷದ ತಂಗಿಯನ್ನು ಹಾರಿಸಿಕೊಂಡು ಹೋಗಲು ನೋಡುತ್ತಾನೆ. ಅವಳ ಹೆಸರಿನಲ್ಲಿ 30,000 ಪೌಂಡ್. ಅವನ ಕಣ್ಣಿದ್ದದ್ದು ದುಡ್ಡಿನ ಮೇಲೆ, ನನ್ನ ಮೇಲಿನ ಸೇಡೂ ಜೊತೆಗಿತ್ತು ಎಂದು ಡಾರ್ಸಿ ಕಾಗದದಲ್ಲಿ ಬರೆಯುತ್ತಾನೆ. ಹೀತ್‌ಕ್ಲಿಫ್‌ನದೇ ದಾರಿ, ಚಿಲ್ಲರೆ ಅಂಗಡಿ.

ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಬೇರೆ ಜಾತಿಯದು. 1860ರ ಡಿಸೆಂಬರ್‌ನಿಂದ 1861ರ ಆಗಸ್ಟ್‌ವರೆಗೆ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಮದುವೆಯ ದಿನ ಕೈಕೊಟ್ಟವನ ಕಾಗದ ಬಂದ ಗಳಿಗೆಗೆ, ಒಂಬತ್ತಕ್ಕೆ ಇಪ್ಪತ್ತು ನಿಮಿಷವಿರುವಾಗ, ಮನೆಯ ಗಡಿಯಾರಗಳನ್ನೆಲ್ಲ ನಿಲ್ಲಿಸಿದ ಮಿಸ್ ಹ್ಯಾವಿಷಮ್ ಇಲ್ಲಿ ಸೇಡಿಗೆ ಜಮೀನು ಹಿಡಿಯುವುದಿಲ್ಲ, ಮಗು ಹಿಡಿಯುತ್ತಾಳೆ. ಗಂಡಸರ ಎದೆ ಒಡೆಯಲೆಂದೇ ಎಸ್ಟೆಲ್ಲಾಳನ್ನು ಬೆಳೆಸುತ್ತಾಳೆ, ಕೊನೆಗೆ ಆ ಮಗು ಸಾಕಿದವಳನ್ನೂ ಪ್ರೀತಿಸಲಾರದು. ಅವಳ ಸಿರಿತನದ ಮೂಲ ಬಿಯರ್ ಕಾರ್ಖಾನೆ. ಬ್ರೆಡ್ ಸುಟ್ಟರೆ ದೊಡ್ಡಮನುಷ್ಯರಲ್ಲ, ಬಿಯರ್ ಮಾಡಿದರೆ ದೊಡ್ಡಮನುಷ್ಯರು, ಯಾಕೋ ಗೊತ್ತಿಲ್ಲ ಎಂದು ಒಂದು ಪಾತ್ರ ನಗುತ್ತದೆ. ಸೇಂದಿ ಗುತ್ತಿಗೆಯ ದುಡ್ಡಿನಲ್ಲಿ ಛತ್ರ ಕಟ್ಟಿಸಿದವರನ್ನು ಕಂಡ ಜಿಲ್ಲೆಗಳಲ್ಲಿ ಈ ಮಾತಿಗೆ ಟಿಪ್ಪಣಿ ಬೇಡ.

ಆ ಕಾದಂಬರಿಯಲ್ಲಿ ಅನುವಾದಕರು ಜಾರಿಬೀಳುವ ಒಂದು ಜಾಗ ಇಸ್ಪೀಟಾಟ. ಈ ಹುಡುಗ ನೇವ್‌ಗಳನ್ನು ಜ್ಯಾಕ್ ಅಂತಾನೆ ಎಂದು ಎಸ್ಟೆಲ್ಲಾ ಕಮ್ಮಾರನ ಮನೆಯಲ್ಲಿ ಬೆಳೆದ ಪಿಪ್‌ನನ್ನು ಹಂಗಿಸುತ್ತಾಳೆ. ಎರಡೂ ಒಂದೇ ಎಲೆ, ನಮ್ಮ ಗುಲಾಮ. ಎರಡಕ್ಕೂ ಗುಲಾಮ ಎಂದು ಹಾಕಿದರೆ ಚುಚ್ಚು ಮಾಯ. ಮೇಲಿನವರು ಒಂದು ಪದ, ಕೆಳಗಿನವರು ಇನ್ನೊಂದು ಪದ ಬಳಸುತ್ತಾರೆಂಬುದೇ ಅಲ್ಲಿನ ವಿಷಯ. “ಊಟ ಆಯ್ತಾ” ಎನ್ನುವ ಮನೆಯಲ್ಲಿ “ಉಂಡ್ರಾ” ಎಂದು ನಗೆಪಾಟಲಾದವರಿಗೆ ತಕ್ಷಣ ತಿಳಿಯುತ್ತದೆ. ಗುಲಾಮನನ್ನು ಒಬ್ಬಳು ಗುಲಾಮ, ಇನ್ನೊಬ್ಬ ಜಾಕಿ ಎನ್ನಲಿ, ಕೆಲಸ ನಡೆಯುತ್ತದೆ.

ಭಾಷೆಯ ಮಾತು ಬಂದದ್ದಕ್ಕೆ, ಹೈಟ್ಸ್‌ನ ಮುದಿ ಆಳು ಜೋಸೆಫ್. ಅವನ ಮಾತು ಬಂದಲ್ಲೆಲ್ಲ ಓದುಗರು ಹಾರಿಸಿಕೊಂಡು ಹೋಗುತ್ತಾರೆ. ಬಾಯಿಬಿಟ್ಟು ಓದಿ. ಪಾವಗಡದ, ಬಾಗೇಪಲ್ಲಿಯ ತೆಲುಗು ಬೆರೆತ ಕನ್ನಡವನ್ನು ಬರೆದುಕೊಟ್ಟರೆ ತಡವರಿಸುತ್ತೇವೆ, ಕಿವಿಗೆ ಬಿದ್ದರೆ ಅರ್ಥವಾಗುತ್ತದೆ, ಇದೂ ಹಾಗೇ. ಎರಡನೇ ಅಧ್ಯಾಯದ “ತ್ ಮೇಸ್ಟರ್ಸ್ ಡೌನ್ ಇ ತ್ ಫೌಲ್ಡ್” ಎಂದರೆ ಯಜಮಾನ್ರು ಕೆಳಗೆ ಕುರಿರೊಪ್ಪದಲ್ಲವ್ರೆ ಎಂದು. ಮೇಸ್ಟರ್ ನಮ್ಮ ಮೇಷ್ಟ್ರಲ್ಲ, ಯಜಮಾನ, ಫೌಲ್ಡ್ ರೊಪ್ಪ. 1847ರ ಮೊದಲ ಮುದ್ರಣದಲ್ಲಿ ಆ “ಡೌನ್” “ಡಾನ್” ಆಗಿತ್ತು. ತಂಗಿ ಸತ್ತ ಮೇಲೆ 1850ರಲ್ಲಿ ಅಕ್ಕ ಷಾರ್ಲೆಟ್ ದಕ್ಷಿಣದ ಓದುಗರಿಗೆ ತಿಳಿಯಲೆಂದು ಜೋಸೆಫನ ಮಾತನ್ನು ಅಲ್ಲಲ್ಲಿ ತಿದ್ದಿದಳು. ಕೊಳ್ಳುವ ಮುಂಚೆ ಮುನ್ನುಡಿಯಲ್ಲಿ ಯಾವ ಪಠ್ಯವೆಂದು ನೋಡಿಕೊಳ್ಳಿ. ಮೊದಲ ಸಲಕ್ಕೆ 1850ರದು ಸಲೀಸು.

ಇನ್ನು ಹೇರ್ಟನ್. 21ನೇ ಅಧ್ಯಾಯದಲ್ಲಿ ಬಾಗಿಲ ಮೇಲಿನ ಬರಹ ಏನೆಂದು ಚಿಕ್ಕ ಕ್ಯಾಥಿ ಕೇಳುತ್ತಾಳೆ. ಎಂಥದೋ ದರಿದ್ರ ಬರಹ, ನನಗೆ ಓದಲು ಬರಲ್ಲ ಎನ್ನುತ್ತಾನೆ. ಅಲ್ಲಿ ಕೆತ್ತಿರುವುದು ಹೇರ್ಟನ್ ಅರ್ನ್‌ಷಾ ಎಂದೇ. ಮುನ್ನೂರು ವರ್ಷದ ಹಿಂದಿನ ಪೂರ್ವಜನ ಹೆಸರು, ಅವನದೇ ಹೆಸರು, ಅವನದೇ ಬಾಗಿಲು. ಹೆಬ್ಬೆಟ್ಟು ಒತ್ತುವವನ ಜಮೀನು ಯಾಕೆ ಹೋಗುತ್ತದೆಂದು ಬೇರೆ ಹೇಳಬೇಕೇ. ಮೂರು ಅಧ್ಯಾಯ ಕಳೆದ ಮೇಲೆ ಕಷ್ಟಪಟ್ಟು ಹೆಸರು ಕೂಡಿಸಿ ಓದುತ್ತಾನೆ. ಅಂಕಿ? ಅದು ಇನ್ನೂ ಬರಲ್ಲ ಎನ್ನುತ್ತಾನೆ, ಹುಡುಗಿ ನಗುತ್ತಾಳೆ. 32ನೇ ಅಧ್ಯಾಯದಲ್ಲಿ ಅದೇ ಹುಡುಗಿ ಪಕ್ಕದಲ್ಲಿ ಕೂತು, ತಪ್ಪು ಓದಿದರೆ ಜುಟ್ಟು ಎಳೀತೀನಿ ಎಂದು ಹೆದರಿಸಿ “ಕಾಂಟ್ರರಿ” ಎಂಬ ಪದ ತಿದ್ದುತ್ತಿರುತ್ತಾಳೆ. ಇಡೀ ಕಾದಂಬರಿಯಲ್ಲಿ ಪ್ರೇಮದ ದೃಶ್ಯ ಎಂದು ಒಂದನ್ನೇ ಆರಿಸಬೇಕಾದರೆ ಕಾಗುಣಿತದ ಈ ಪಾಠ ಆರಿಸಬೇಕು, ಸಿನಿಮಾದ ಬಂಡೆ ಮೇಲಿನ ಪ್ರಲಾಪಗಳನ್ನಲ್ಲ.

ಲೆಕ್ಕ ಮುಟ್ಟುವುದು 33ರಲ್ಲಿ. ಹೂವಿನ ಮಡಿಗಾಗಿ ಕ್ಯಾಥಿ ಹೇರ್ಟನ್‌ಗೆ ಹೇಳಿ ಜೋಸೆಫನ ಕರ್ರಂಟ್ ಹಣ್ಣಿನ ಗಿಡಗಳನ್ನು ಕೀಳಿಸುತ್ತಾಳೆ. ಮುದುಕ ಬಾಯಿ ಬಡಿದುಕೊಳ್ಳುತ್ತಾನೆ, ಹೀತ್‌ಕ್ಲಿಫ್ ಗದರುತ್ತಾನೆ. ಹುಡುಗಿ ಬಗ್ಗುವುದಿಲ್ಲ. ನನ್ನ ಜಮೀನೆಲ್ಲ ತಗೊಂಡಿದ್ದೀರಿ, ನಾಲ್ಕು ಗಜ ಮಣ್ಣಿಗೆ ಜಿಪುಣತನ ಮಾಡ್ತೀರಾ? ನಿನ್ನ ಜಮೀನಾ, ಎಂದಿತ್ತು ನಿನಗೆ ಎನ್ನುತ್ತಾನೆ. ನನ್ನ ದುಡ್ಡೂ, ಎನ್ನುತ್ತಾಳೆ ಅವಳು; ಹೇರ್ಟನ್ ಜಮೀನೂ, ಅವನ ದುಡ್ಡೂ. ಹದಿನೆಂಟು ವರ್ಷದಿಂದ ಆ ಮನೆಯಲ್ಲಿ ಯಾರೂ ಓದಿ ಹೇಳದ ಪಹಣಿ. ಹೀತ್‌ಕ್ಲಿಫ್ ಅವಳ ಕೂದಲು ಹಿಡಿಯುತ್ತಾನೆ, ಮುಖ ದಿಟ್ಟಿಸುತ್ತಾನೆ, ಕೈ ಸಡಿಲಿಸುತ್ತಾನೆ. ಎರಡು ಮನೆ ಕೆಡವಲು ಹಾರೆ, ಗುದ್ದಲಿ ಎಲ್ಲ ಸಿದ್ಧಮಾಡಿಕೊಂಡ ಮೇಲೆ ಒಂದು ಹೆಂಚು ಎತ್ತುವ ಮನಸ್ಸೂ ಇಲ್ಲ ಎಂದು ಅದೇ ಸಂಜೆ ನೆಲ್ಲಿಗೆ ಹೇಳುತ್ತಾನೆ. ವಿಲ್ ಬರೆಯದೆ ಸಾಯುತ್ತಾನೆ. ಜೋಸೆಫ್ ಮಾತ್ರ ಕರ್ರಂಟ್ ಗಿಡಗಳ ದುಃಖ ಮರೆಯುವುದಿಲ್ಲ.